ಜೀಪಿಗೆ ಸ್ಪೇಸರ್ ಹಾಕಿಸೋ ಮುಂಚೆ ಇದನ್ನೊಮ್ಮೆ ಓದಿ

ಈ ವಾರ ಇಬ್ಬರು ಹುಡುಗರು ನನಗೆ ಒಂದೇ ಪ್ರಶ್ನೆ ಕೇಳಿದರು. ಒಬ್ಬನ ಹತ್ತಿರ ಜಿಪ್ಸಿ ಇದೆ, ಇನ್ನೊಬ್ಬನ ಹತ್ತಿರ ಜಿಮ್ನಿ. "ಅಣ್ಣಾ, 30 ಎಂ.ಎಂ. ಸ್ಪೇಸರ್ ಹಾಕಸ್ಲೇನ್ರಿ?" ಸ್ಪೇಸರ್ ಅಂದರೆ ಗಾಲಿಯನ್ನು ಹೊರಗೆ ಸರಿಸೋಕೆ ಹಬ್‌ಗೂ (ಗಾಲಿ ಕೂರೋ ಭಾಗ) ರಿಮ್ಮಿಗೂ ನಡುವೆ ಹಾಕೋ ದಪ್ಪ ಬಿಲ್ಲೆ. ಇಬ್ಬರಿಗೂ ಬೇಡ ಅಂದೆ. ಯಾಕೆ ಅಂತ ಫೋನಿನಲ್ಲಿ ಪೂರ್ತಿ ಹೇಳೋಕೆ ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಜಿಪ್ಸಿಗೂ ಸ್ಪೇಸರ್ ಹಾಕಿಸಿದ್ದೆ. ಗಾಡಿ ಅಗಲವಾಗಿ ನಿಂತಾಗ ಚೆನ್ನಾಗಿ ಕಾಣುತ್ತಿತ್ತು, ಅದು ಸುಳ್ಳಲ್ಲ. ಒಂದು ಮಳೆಗಾಲ, ಮನೆಯವರನ್ನು ಕೂರಿಸಿಕೊಂಡು ಜಾಂಬೋಟಿ ದಾಟಿ ಕಣಕುಂಬಿ ಕಡೆ ಹೊರಟಿದ್ದೆ. ರಸ್ತೆ ತುಂಬಾ ಗುಂಡಿ. ಒಂದು ತಿರುವಿನಲ್ಲಿ ಹಿಂದಿನ ಎಡಗಾಲಿಯಿಂದ ಟಕ್ ಟಕ್ ಅಂತ ಸದ್ದು ಶುರುವಾಯಿತು. ಇಳಿದು ಪಾನಾ ಹಾಕಿ ನೋಡಿದೆ. ಐದೂ ನಟ್ ಟೈಟ್ ಇದ್ದವು. ಮತ್ತೆ ಹೊರಟೆ, ಮತ್ತೆ ಅದೇ ಸದ್ದು. ಮನಸ್ಸು ತಡೆಯದೆ ಜ್ಯಾಕ್ ಏರಿಸಿ ಗಾಲಿಯನ್ನೇ ಬಿಚ್ಚಿದೆ.

ಒಳಗೆ ಸ್ಪೇಸರ್ ಅಲ್ಲಾಡುತ್ತಿತ್ತು. ಅದನ್ನು ಹಬ್‌ಗೆ ಹಿಡಿದಿದ್ದ ಐದು ನಟ್‌ಗಳಲ್ಲಿ ಎರಡು ಕೈಬೆರಳಿಗೇ ತಿರುಗಿದವು. ಒಂದು ಸ್ಟಡ್ (ನಟ್ ಕೂರೋ ಬೋಲ್ಟ್) ಮುರಿದೇ ಹೋಗಿತ್ತು. ಅಲ್ಯೂಮಿನಿಯಂ ಸ್ಪೇಸರಿನ ತೂತು ಗುಂಡಗೆ ಇರಬೇಕಾದ್ದು ಮೊಟ್ಟೆಯ ಆಕಾರಕ್ಕೆ ಸವೆದಿತ್ತು. ಸುತ್ತ ಬೂದು ಬಣ್ಣದ ಪುಡಿ, ನಟ್ಟಿನ ಬುಡದಿಂದ ತುಕ್ಕಿನ ಕೆಂಪು ಗೆರೆ. ಇನ್ನು ಹತ್ತು ನಿಮಿಷ ಓಡಿಸಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತೆ.

ಒಂದು ಗಾಲಿಗೆ ಐದು ನಟ್ ಇದ್ದದ್ದು ಸ್ಪೇಸರ್ ಹಾಕಿದ ಮೇಲೆ ಹತ್ತಾಗುತ್ತೆ: ಸ್ಪೇಸರನ್ನು ಹಬ್‌ಗೆ ಹಿಡಿಯೋಕೆ ಐದು, ಗಾಲಿಯನ್ನು ಸ್ಪೇಸರ್‌ಗೆ ಹಿಡಿಯೋಕೆ ಐದು. ಅದರಲ್ಲಿ ಐದು ಕಣ್ಣಿಗೆ ಕಾಣೋದಿಲ್ಲ. ನಾಲ್ಕು ಗಾಲಿಗೆ ಸೇರಿಸಿ 20 ನಟ್ ರಿಮ್ಮಿನ ಹಿಂದೆ ಅಡಗಿರುತ್ತವೆ. ಹಾಕಿಸಿ 50–100 ಕಿ.ಮೀ. ಓಡಿಸಿದ ಮೇಲೆ ಅವನ್ನು ಮತ್ತೆ ಟಾರ್ಕ್ ರೆಂಚಿನಿಂದ (ಬಿಗಿತ ಅಳೆಯೋ ಪಾನಾ) ನೋಡಬೇಕು, ಆಮೇಲೂ ಆಗಾಗ ನೋಡುತ್ತಿರಬೇಕು. ಪ್ರತಿ ಸಲ ನಾಲ್ಕೂ ಗಾಲಿ ಬಿಚ್ಚಬೇಕು. ಯಾರು ಮಾಡುತ್ತಾರೆ ಹೇಳಿ? ನಾನು ಮಾಡಿರಲಿಲ್ಲ. ಹಾಕಿಕೊಟ್ಟವರೂ ಹೇಳಿರಲಿಲ್ಲ.

ಮುರಿದ ಸ್ಟಡ್ ಹಿಡಿದುಕೊಂಡು ಬೆಳಗಾವಿಯ ಉದ್ಯಮಬಾಗಿನಲ್ಲಿ ನನಗೆ ಗೊತ್ತಿರುವ ಲೇಥ್ ಕಾಕಾನ ಹತ್ತಿರ ಹೋಗಿದ್ದೆ. ಬೆಳಕಿಗೆ ಹಿಡಿದು ನೋಡಿ, "ತಮ್ಮಾ, ಚಕ್ಕಡಿ ಕಡಾಣಿ ದಾರಿ ಹೋಕನ ಕಣ್ಣಿಗೂ ಕಾಣತೈತಿ. ಇದು ಗಾಡಿ ಮಾಲಕಗ ಸುದ್ದಾ ಕಾಣಂಗಿಲ್ಲ ನೋಡು" ಅಂದರು. ಕಡಾಣಿ ಅಂದರೆ ಗಾಲಿ ಕಳಚದ ಹಾಗೆ ಅಚ್ಚಿನ ತುದಿಗೆ ಹಾಕೋ ಕೀಲು. ಅವರೇ ಸ್ಪೇಸರ್ ಮಾಡಿಕೊಡಬಲ್ಲ ಮನುಷ್ಯ. ಆದರೂ ಮಾಡಿಕೊಡ್ತೀನಿ ಅನ್ನಲಿಲ್ಲ.

"ಅಗಲ ಆದರೆ ಗಾಡಿ ಪಲ್ಟಿ ಆಗೋದಿಲ್ಲ" ಅನ್ನೋ ಮಾತು ಜಾಸ್ತಿ ಕೇಳುತ್ತೇನೆ. ಲೆಕ್ಕ ಹಾಕೋಣ. ಜಿಪ್ಸಿಯ ಮುಂದಿನ ಎರಡು ಗಾಲಿಗಳ ನಡುವಿನ ಅಂತರ 1,300 ಮಿ.ಮೀ. 30ರ ಸ್ಪೇಸರ್ ಎರಡೂ ಕಡೆ ಹಾಕಿದರೆ 1,360. ಅಂದರೆ ನೂರಕ್ಕೆ ಐದೂ ಹೆಚ್ಚಲಿಲ್ಲ. ಓರೆಯಲ್ಲಿ ನಿಂತಾಗ ಸಿಗೋದು ಒಂದೆರಡು ಡಿಗ್ರಿ. ಮೇಲೆ ಕ್ಯಾರಿಯರ್ ಕಟ್ಟಿ ಸಾಮಾನು ಹೇರಿದರೆ ಅದೂ ಕೈಬಿಟ್ಟು ಹೋಗುತ್ತೆ. ಜಿಪ್ಸಿ ಕಿರಿದು ಅಂತ ಮಾರುತಿಯವರಿಗೂ ಅನ್ನಿಸಿತ್ತು. 1993ರಲ್ಲಿ ವೈಡ್ ಟ್ರ್ಯಾಕ್ ಜಿಪ್ಸಿ ತಂದಾಗ ಗಾಲಿಗಳ ಅಂತರವನ್ನು 90 ಮಿ.ಮೀ. ಹೆಚ್ಚಿಸಿದರು. ಆದರೆ ಅದಕ್ಕೆ ಆಕ್ಸಲ್ಲನ್ನೇ ಅಗಲ ಮಾಡಿದರು, ನಡುವೆ ಬಿಲ್ಲೆ ಇಡಲಿಲ್ಲ.

ಗಾಲಿ ಹೊರಗೆ ಸರಿದಷ್ಟೂ ಬೇರಿಂಗಿನ ಮೇಲೆ ಬೀಳುವ ಎಳೆತ ಜಾಸ್ತಿ. ಮುಂದಿನ ಗಾಲಿ ತಿರುಗುವಾಗ ಸುತ್ತುವ ಜಾಗವೂ ದೊಡ್ಡದಾಗುತ್ತೆ. ಮಡ್‌ಗಾರ್ಡಿಗೋ ಬಂಪರಿಗೋ ಉಜ್ಜುತ್ತೆ. ಕಲ್ಲಿಗೆ ಗಾಲಿ ಬಡಿದರೆ ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡು ಹೋಗುತ್ತೆ. ನನ್ನದು ಪವರ್ ಸ್ಟೀರಿಂಗ್ ಇಲ್ಲದ ಗಾಡಿ. ಮುಂದಿನ ಗಾಲಿ ಎಡಬಲಕ್ಕೆ ತಿರುಗೋ ಕೀಲಿನ ಕಿಂಗ್‌ಪಿನ್ ಬೇರಿಂಗ್ ಸವೆದರೆ ಜಿಪ್ಸಿಯ ಮುಂಭಾಗ ಮೊದಲೇ ತೂರಾಡುತ್ತೆ, ಸ್ಪೇಸರ್ ಅದಕ್ಕೆ ಇನ್ನಷ್ಟು ಕುಮ್ಮಕ್ಕು ಕೊಡುತ್ತೆ. ಇನ್ನು ಬೈಲಹೊಂಗಲ ಕಡೆ ಎರೆಹೊಲದ ಹಾದಿಗೆ ಇಳಿದಿರೋ, ಮಡ್‌ಗಾರ್ಡಿನಿಂದ ಆಚೆ ಬಂದ ಟೈರು ಕೆಸರನ್ನೆಲ್ಲಾ ಬಾಗಿಲಿಗೆ, ಕನ್ನಡಿಗೆ ಎರಚುತ್ತೆ.

ಬೈಲಹೊಂಗಲದ ಗೆಳೆಯ ಒಂದು ಒಳ್ಳೆ ಪ್ರಶ್ನೆ ಕೇಳಿದ. ಟ್ರ್ಯಾಕ್ಟರಿನ ಹಿಂದಿನ ಗಾಲಿಯನ್ನು ಸಾಲಿಗೆ ತಕ್ಕ ಹಾಗೆ ಅಗಲ ಮಾಡ್ತೀವಲ್ಲ, ಜೀಪಿಗೆ ಯಾಕಾಗಲ್ಲ? ಟ್ರ್ಯಾಕ್ಟರಿನಲ್ಲಿ ಅದಕ್ಕೆ ಕಂಪನಿಯೇ ಜಾಗ ಬಿಟ್ಟಿರುತ್ತೆ. ಡಿಸ್ಕ್ ತಿರುಗಿಸಿ ಕೂರಿಸುತ್ತೇವೆ, ಬೋಲ್ಟ್ ಎಲ್ಲಾ ಹೊರಗೇ ಕಾಣುತ್ತೆ. ಹೊಲದಲ್ಲಿ ಓಡೋದೂ ನಿಧಾನ. ಜೀಪು ಹೈವೇಯಲ್ಲಿ 80ರಲ್ಲಿ ಹೋಗುತ್ತೆ, ಅಲ್ವಾ?

ದೊಡ್ಡ ಟೈರು ಹಾಕಿ ಅದು ಒಳಗಡೆ ಸ್ಪ್ರಿಂಗ್ ಪಟ್ಟಾಕ್ಕೋ ಚಾಸಿಗೋ ಉಜ್ಜುತ್ತಿದ್ದರೆ ಗಾಲಿ ಹೊರಗೆ ಸರಿಯಲೇಬೇಕು, ಒಪ್ಪುತ್ತೇನೆ. ಆಗ ಆಫ್‌ಸೆಟ್ ಬೇರೆ ಇರೋ, ಅಂದರೆ ಗಾಲಿಯನ್ನು ತಾನೇ ಹೊರಗೆ ಕೂರಿಸೋ ರಿಮ್ ತಗೊಳ್ಳಿ. ಬೇರಿಂಗಿನ ಭಾರ ಅದರಲ್ಲೂ ಇದ್ದೇ ಇರುತ್ತೆ. ಆದರೆ ನಟ್ ಐದೇ, ಐದೂ ಕಣ್ಣೆದುರು. ದುಡ್ಡು ಜಾಸ್ತಿ ಆಗುತ್ತೆ, ಆಗಲಿ ಬಿಡಿ. ಸ್ಪರ್ಧೆಗೆ ಹೋಗೋರು ಸ್ಪೇಸರ್ ಬಳಸುತ್ತಾರೆ ನಿಜ. ಅಲ್ಲಿ ಒಂದೊಂದು ಸುತ್ತಿಗೂ ಗಾಲಿ ಬಿಚ್ಚಿ ನೋಡೋರು ಇರುತ್ತಾರೆ.

ಕಾನೂನಿನ ಮಾತೂ ಇದೆ. ಕಂಪನಿ ಕೊಟ್ಟ ಮೂಲ ಸ್ವರೂಪ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು.

ಈಗಾಗಲೇ ಹಾಕಿಸಿಕೊಂಡಿದ್ದರೆ ದಯವಿಟ್ಟು ಈ ಭಾನುವಾರ ಒಂದು ಗಂಟೆ ಕೊಡಿ. ನಾಲ್ಕೂ ಗಾಲಿ ಬಿಚ್ಚಿ. ನಟ್ಟಿನ ಬುಡದಲ್ಲಿ ಕೆಂಪು ಗೆರೆ ಇದೆಯಾ, ಬೂದು ಪುಡಿ ಇದೆಯಾ ನೋಡಿ. ತನ್ನದೇ ಸ್ಟಡ್ ಇಲ್ಲದ, ಬರೀ ಬಿಲ್ಲೆಯಂಥ ಸ್ಪೇಸರ್ ಆಗಿದ್ದರೆ ನಟ್ ಎಷ್ಟು ಹಲ್ಲು ಹಿಡಿದಿದೆ ಎಣಿಸಿ, 12 ಮಿ.ಮೀ. ದಪ್ಪದ ಸ್ಟಡ್ಡಿಗೆ ಕನಿಷ್ಠ 12 ಮಿ.ಮೀ. ಹಿಡಿತವಾದರೂ ಬೇಕು. ಒಂದು ನಟ್ ಸಡಿಲ ಸಿಕ್ಕರೂ ಸ್ಪೇಸರ್ ತೆಗೆದು ಪಕ್ಕಕ್ಕಿಡಿ. ಆ ಗಾಲಿಯ ಹಬ್ಬಿನ ಸ್ಟಡ್‌ಗಳನ್ನು ಬದಲಿಸಿ ಹಳೇ ರೀತಿಯಲ್ಲೇ ಗಾಲಿ ಕೂರಿಸಿ, ಆಮೇಲಷ್ಟೇ ಮಕ್ಕಳನ್ನು ಹತ್ತಿಸಿಕೊಳ್ಳಿ.