ಲಂಡನ್ನಿನ ಗಿಳಿಗಳು ಮತ್ತು ನಮ್ಮ ಓಣಿಯ ಪಂಜರಗಳು

ಗಂಡಿನ ಕೊರಳಿಗೆ ಗುಲಾಬಿ ಪಟ್ಟಿಯಿರುವ ನಮ್ಮ ಸಾಮಾನ್ಯ ಹಸಿರು ಗಿಳಿ ಇಂದು ಲಂಡನ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಂ ನಗರಗಳ ಉದ್ಯಾನಗಳಲ್ಲಿ ಸಾವಿರಗಟ್ಟಲೆ ಬದುಕುತ್ತಿದೆ. ಹಿಮ ಬಿದ್ದ ಕೊಂಬೆಯ ಮೇಲೆ ಕುಳಿತ ಗಿಳಿಗಳ ವಿಡಿಯೊ ಹಂಚಿಕೊಳ್ಳುವ ಗೆಳೆಯರು ಅದನ್ನು ಪವಾಡವೆಂದು ಕೊಂಡಾಡುತ್ತಾರೆ. ನನಗೆ ಅದರಲ್ಲಿ ಕಾಣುವುದು ಹಕ್ಕಿ ಮಾರಾಟದ ದಂಧೆ.

ಲಂಡನ್ನಿನಲ್ಲಿ ಸಂಗೀತಗಾರ ಜಿಮಿ ಹೆಂಡ್ರಿಕ್ಸ್ ಬಿಟ್ಟ ಜೋಡಿಯಿಂದಲೇ ಈ ಸಂತತಿ ಬೆಳೆಯಿತೆಂಬ ಕಥೆ ಬಹಳ ಜನಪ್ರಿಯವಾಗಿದೆ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಅದಕ್ಕೆ ಆಧಾರವಿಲ್ಲವೆಂದು ತೋರಿಸಿತು. ಬ್ರಸೆಲ್ಸ್‌ನಲ್ಲಿ ಮಾತ್ರ 1974ರಲ್ಲಿ ಮನರಂಜನಾ ಉದ್ಯಾನವೊಂದರಿಂದ ಸುಮಾರು 40 ಗಿಳಿಗಳನ್ನು ಬೇಕೆಂದೇ ಬಿಡಲಾಯಿತು. ಉಳಿದೆಡೆ ಪಂಜರದಿಂದ ತಪ್ಪಿಸಿಕೊಂಡವು, ಸಾಕಿ ಬೇಸತ್ತವರು ಹಾರಿಬಿಟ್ಟವು ಸೇರಿ ಹಿಂಡಾದವು. 1984ರಿಂದ 2007ರವರೆಗೆ ಯುರೋಪಿಗೆ ಆಮದಾದ ಈ ಗಿಳಿಗಳು, ದಾಖಲೆಗೆ ಸಿಕ್ಕ ಲೆಕ್ಕದಲ್ಲೇ, 1,46,000ಕ್ಕೂ ಹೆಚ್ಚು. ಅಲ್ಲಿನ ಹಿಂಡುಗಳ ಡಿಎನ್‌ಎ ಪರೀಕ್ಷಿಸಿದಾಗ ಮೂಲ ಹೆಚ್ಚಾಗಿ ಪಾಕಿಸ್ತಾನ ಮತ್ತು ಉತ್ತರ ಭಾರತವೆಂದು ತಿಳಿಯಿತು. ಚಳಿಗಾಲ ಕಂಡ ಸೀಮೆಯ ಹಕ್ಕಿಗೆ ಲಂಡನ್ನಿನ ಚಳಿ ತೀರಾ ಹೊಸದಲ್ಲ. ಮನೆಯಂಗಳಗಳಲ್ಲಿ ಜನರೇ ತೂಗುಹಾಕುವ ಕಾಳುಗಳೂ ಅದಕ್ಕೆ ದಕ್ಕುತ್ತವೆ. ಆದರೆ ಸ್ಪೇನಿನ ಸೆವಿಲ್ಲಾದಲ್ಲಿ ಮರದ ಪೊಟರೆಗಾಗಿ ಅಪರೂಪದ ದೊಡ್ಡ ಬಾವಲಿಗಳ ಮೇಲೆ ಈ ಗಿಳಿಗಳು ಎರಗಿ ಅವನ್ನು ಕೊಂದದ್ದೂ ಇದೆ. ಅದಕ್ಕೆ ಗಿಳಿಯನ್ನು ದೂರಲು ನನಗೆ ಮನಸ್ಸಿಲ್ಲ, ಏಕೆಂದರೆ ಅದು ಅಲ್ಲಿಗೆ ತಾನಾಗಿ ಹೋದದ್ದಲ್ಲ.

ನಮ್ಮ ಕಲಬುರಗಿಯಲ್ಲಿ ಜೋಳದ ತೆನೆ ಹಾಲುಗಾಳಾಗುವ ಹೊತ್ತಿಗೆ ರೈತರು ಡಬ್ಬಿ ಬಡಿಯುತ್ತ, ಕವಣೆ ಬೀಸುತ್ತ ಗಿಳಿ ಕಾಯುತ್ತಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ಏಕೆಂದರೆ ಹಿಂಡು ಇಳಿದರೆ ತಿಂದದ್ದಕ್ಕಿಂತ ಕೆಡಿಸಿದ್ದೇ ಹೆಚ್ಚು. ಅರ್ಥವಾಗದಿರುವುದು ಊರೊಳಗಿನ ನಮ್ಮ ಪ್ರೀತಿ. ನಮ್ಮ ಓಣಿಯ ಅಂಗಡಿಯೊಂದರ ಮುಂದೆ ‘ಮಿಟ್ಟು’ ಎಂದು ಕರೆಸಿಕೊಳ್ಳುವ ಗಿಳಿಯೊಂದಿದೆ. ತಂತಿಗೆ ಉಜ್ಜಿ ಉಜ್ಜಿ ಅದರ ಬಾಲದ ಗರಿಗಳ ತುದಿ ಹರಿದಿವೆ. ಒಂದು ರೆಕ್ಕೆಯ ಗರಿಗಳನ್ನು ನೇರವಾಗಿ ಕತ್ತರಿಸಲಾಗಿದೆ. ಬಂದವರಿಗೆಲ್ಲ ಅದು ‘ಬರ್ರಿ, ಬರ್ರಿ’ ಎನ್ನುತ್ತದೆ, ಮಕ್ಕಳು ಹಸಿಮೆಣಸಿನಕಾಯಿ ಹಿಡಿದು ನಗುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ನಮ್ಮ ದೇಶದ ಗಿಳಿಯನ್ನು ಹಿಡಿಯುವುದು, ಮಾರುವುದು, ಸಾಕುವುದು ಅಪರಾಧವೆಂಬುದನ್ನು ಓದುಬರಹ ಬಲ್ಲ ಮನೆಗಳೂ ಗಣನೆಗೆ ತೆಗೆದುಕೊಳ್ಳುವುದಿಲ್ಲ. ಪೊಟರೆಗೆ ಕೈ ಹಾಕಿ ಕಣ್ಣು ಬಿಡದ ಮರಿಗಳನ್ನು ಎತ್ತುವವನು ಕೊಳ್ಳುವವರನ್ನು ನಂಬಿಯೇ ಮರ ಹತ್ತುತ್ತಾನೆ.

ದಯವಿಟ್ಟು ಕೊಳ್ಳಬೇಡಿ. ಮನೆಯಲ್ಲಿ ಈಗಾಗಲೇ ಗಿಳಿಯಿದ್ದರೆ ಕನಿಕರದಿಂದ ಒಮ್ಮೆಲೇ ಬಾಗಿಲು ತೆರೆದುಬಿಡಬೇಡಿ. ಮರಿಯಿಂದಲೇ ಕೈತುತ್ತು ತಿಂದು ಬೆಳೆದ ಹಕ್ಕಿಗೆ ಆಹಾರ ಹುಡುಕುವುದಾಗಲಿ ಬೆಕ್ಕಿಗೆ ಹೆದರುವುದಾಗಲಿ ಗೊತ್ತಿರುವುದಿಲ್ಲ. ಅರಣ್ಯ ಇಲಾಖೆಗೆ ಒಪ್ಪಿಸಿ, ಕತ್ತರಿಸಿದ ಗರಿ ಉದುರಿ ಹೊಸದು ಬರುವವರೆಗೆ ಅದಕ್ಕೆ ಆರೈಕೆ ಬೇಕೆಂದು ಒತ್ತಿ ಹೇಳಿ. ಅಂಗಡಿಯಿಂದ ತಂದ ಆಫ್ರಿಕಾದ ಲವ್ ಬರ್ಡ್‌ಗಳನ್ನಂತೂ ಯಾವ ಕಾರಣಕ್ಕೂ ಹೊರಗೆ ಬಿಡಬೇಡಿ.