ಪುರುಡು ಕಳೆಯುವ ಮುನ್ನವೇ ಪೋಸು

ಚಿಕ್ಕಮಗಳೂರಿನ ಕಡೆ ಬಾಣಂತಿಯ ಕೋಣೆಗೆ ಯಾರು ಬರಬೇಕು, ಯಾರು ಬರಬಾರದು ಎಂದು ತೀರ್ಮಾನಿಸುವ ಅಧಿಕಾರ ತಲೆಮಾರುಗಳಿಂದ ಮನೆಯ ಅಜ್ಜಿಯ ಕೈಯಲ್ಲಿತ್ತು. ಪುರುಡು ಕಳೆದು 11ನೇ ದಿನ ಪುಣ್ಯಾಹ ಆಗುವವರೆಗೆ ನೆಂಟರು ಹೊಸ್ತಿಲಾಚೆಯೇ ನಿಂತು, ಮಗು ಯಾರ ಹಾಗಿದೆ ಎಂದು ವಿಚಾರಿಸಿ, ಕಾಫಿಯನ್ನೂ ಕುಡಿಯದೆ ಹಿಂದಿರುಗುತ್ತಿದ್ದರು. ಈಗ ಆ ಅಧಿಕಾರ ಸದ್ದಿಲ್ಲದೆ ಕೈಬದಲಾಗಿದೆ. ಹುಟ್ಟಿದ 5ನೇ ದಿನದಿಂದ 14ನೇ ದಿನದೊಳಗೆ ಫೋಟೊ ತೆಗೆಸದಿದ್ದರೆ ಆ ಭಾಗ್ಯ ಮತ್ತೆ ಸಿಗುವುದಿಲ್ಲವೆಂದು ಛಾಯಾಗ್ರಾಹಕರು ವಿಧಿಸಿದ್ದಾರೆ. ಆ ದಿನಗಳಲ್ಲಿ ಮಗು ಹೆಚ್ಚು ಹೊತ್ತು ನಿದ್ರಿಸುತ್ತದೆ, ಹೊಟ್ಟೆಯೊಳಗಿದ್ದಂತೆಯೇ ಮುದುಡಿಕೊಳ್ಳುತ್ತದೆ, ಹೇಗೆ ಮಡಚಿದರೂ ತಕರಾರು ಮಾಡುವುದಿಲ್ಲ ಎಂಬುದು ಕಾರಣ. ಹೀಗಾಗಿ ಸೋದರತ್ತೆಯನ್ನು ಬಾಗಿಲಲ್ಲೇ ತಡೆಯುವ ಪುರುಡು, ಲೈಟು, ಛತ್ರಿ, ಬುಟ್ಟಿಗಳನ್ನು ಹೊತ್ತು ಬಂದ ಅಪರಿಚಿತರಿಗೆ ಗೌರವದಿಂದ ದಾರಿ ಬಿಡುತ್ತದೆ. ಶನಿವಾರ ಹತ್ತು ಗಂಟೆಗೆ ಶೂಟ್ ಇರುವುದರಿಂದ ಪುಣ್ಯಾಹವನ್ನು ಬೆಳಗಿನ ಜಾವದಲ್ಲೇ ಮುಗಿಸಿಕೊಡಲು ಸಾಧ್ಯವೇ ಎಂದು ಪುರೋಹಿತರನ್ನು ಕೇಳುವ ಕಾಲ ಬಂದಿದೆ. ಅವರೂ ಕಾಲಜ್ಞಾನಿಗಳು, ಒಪ್ಪಿಕೊಳ್ಳುತ್ತಾರೆ.

ಶೂಟ್‌ಗೆ ಎರಡು ದಿನ ಮೊದಲು ವಾಟ್ಸ್ಆ್ಯಪ್‌ನಲ್ಲಿ ಸೂಚನೆಗಳ ಪಟ್ಟಿ ಬರುತ್ತದೆ. ಮುಟ್ಟುವ ಮುನ್ನ ಕೈ ತೊಳೆಯಿರಿ, ಕೆನ್ನೆಗೆ ಮುತ್ತಿಡಬೇಡಿ ಎಂದು ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗ ವೈದ್ಯರು ಹೇಳಿದ್ದನ್ನು ಯಾವ ಮನೆಯಲ್ಲೂ ಯಾರೂ ಕಿವಿಗೆ ಹಾಕಿಕೊಂಡಿರುವುದಿಲ್ಲ. ಈ ಪಟ್ಟಿಯನ್ನು ಮಾತ್ರ ಮಗುವಿನ ತಂದೆ ಪ್ರಿಂಟ್ ತೆಗೆಸಿ ಫ್ರಿಜ್ ಮೇಲೆ ಅಂಟಿಸುತ್ತಾರೆ. ಇಷ್ಟು ಹೊತ್ತಿಗೆ ಹಾಲೂಡಿಸಬೇಕು, ಇಷ್ಟು ಹೊತ್ತು ಎಚ್ಚರವಾಗಿಡಬೇಕು, ಮೈಮೇಲೆ ಗೆರೆ ಮೂಡದಂತೆ ಬಟ್ಟೆ ಸಡಿಲವಾಗಿರಬೇಕು. ಹೆರಿಗೆ ಕೋಣೆ 25ರಿಂದ 28 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಎಷ್ಟೋ ವರ್ಷಗಳಿಂದ ಹೇಳುತ್ತಿದೆ. ಅದನ್ನು ಮಲೆನಾಡಿನ ಮನೆಯ ಹಾಲ್‌ನಲ್ಲಿ ಜಾರಿಗೆ ತಂದ ಕೀರ್ತಿ ಮಾತ್ರ ಛಾಯಾಗ್ರಾಹಕರದು. ಹೀಟರ್ ಉರಿಸಿ ಅಷ್ಟು ಬಿಸಿ ಮಾಡುವುದಾದರೂ ಯಾಕೆಂದರೆ, ಅಜ್ಜಿ ಹೊಲಿದ ಕುಲಾವಿಯನ್ನೂ ಸುತ್ತಿದ ಹಳೆಯ ಹತ್ತಿ ಸೀರೆಯ ತುಂಡನ್ನೂ ಕಿತ್ತು ಬದಿಗಿಟ್ಟು ಮಗುವನ್ನು ಬರಿಮೈಯಲ್ಲಿ ಮಲಗಿಸಬೇಕಾಗಿದೆ.

ಈ ಪಟ್ಟಿಯಲ್ಲಿ ನನಗೆ ಅತ್ಯಂತ ಪ್ರಿಯವಾದುದು ಮಳೆಯ ಸದ್ದಿನ ಸೂಚನೆ. ಒಂದೇ ಸಮನಾದ ಸದ್ದು ಕೇಳುತ್ತಿದ್ದರೆ ಮಗು ನಿದ್ದೆಯಿಂದ ಬೆಚ್ಚುವುದಿಲ್ಲವಂತೆ. ಅದು ನಿಜವೂ ಇರಬಹುದು. ಜುಲೈ ತಿಂಗಳು, ಮುಳ್ಳಯ್ಯನಗಿರಿ ಮೋಡದೊಳಗೆ ಕಾಣೆಯಾಗಿದೆ, ಹೆಂಚಿನ ಮೇಲೆ ಬೆಳಗಿನಿಂದ ಮಳೆ ಹೊಡೆಯುತ್ತಲೇ ಇದೆ. ಮನೆಯವರು ಆ ಗದ್ದಲ ಒಳಗೆ ಬಾರದಿರಲೆಂದು ಕಿಟಕಿಗಳನ್ನು ಭದ್ರವಾಗಿ ಮುಚ್ಚುತ್ತಾರೆ. ಬಳಿಕ ಮೊಬೈಲ್ ತೆರೆದು, ಜಾಹೀರಾತನ್ನು ದಾಟಿಸಿ, ಬೇರಾವುದೋ ದೇಶದಲ್ಲಿ ಸುರಿದ ಮಳೆಯ ಧ್ವನಿಮುದ್ರಣವನ್ನು ಹಾಕುತ್ತಾರೆ.

ಇನ್ನು ಅಲಂಕಾರ. ಊರು ಕಾಫಿಯದಾದ್ದರಿಂದ ಕಾಫಿ ಇಲ್ಲದೆ ಫೋಟೊ ಇಲ್ಲ. ಬಾಬಾ ಬುಡನ್ ಮೋಕಾದಿಂದ ಏಳೇ ಏಳು ಬೀಜ ತಂದರೆಂದು ಪ್ರತೀತಿ. ಇಲ್ಲಿ ಒಂದು ಹಸುಗೂಸಿನ ಸುತ್ತ ಸೇರುಗಟ್ಟಲೆ ಹುರಿದ ಬೀಜ ಸುರಿಯುತ್ತಾರೆ. ಹಣ್ಣು ಬಿಡಿಸುವ ಬುಟ್ಟಿಯೊಳಗೆ ತುಪ್ಪಳದ ಹಾಸು, ಪಕ್ಕದಲ್ಲೊಂದು ಗೋಣಿಚೀಲ, ಮಗುವಿನ ತಲೆಗೆ ಪ್ಲಾಂಟರ್ ಹ್ಯಾಟು. ತಂದೆ ಬ್ಯಾಂಕಿನ ಗುಮಾಸ್ತರಾಗಿದ್ದು, ಕುಟುಂಬದ ಒಟ್ಟು ತೋಟ ಟೆರೇಸಿನ ಮೇಲಿನ ನಾಲ್ಕು ಕುಂಡಗಳಿಗೆ ಮೀರದಿದ್ದರೂ ಅಡ್ಡಿಯಿಲ್ಲ. ತೋಟದ ಕೆಲಸಕ್ಕೆ ಬಂದ ತಾಯಂದಿರು ನೆರಳಿನ ಮರಕ್ಕೆ ಸೀರೆಯ ಜೋಲಿ ಕಟ್ಟಿ, ಅದೇ ಬುಟ್ಟಿಯ ಪಕ್ಕದಲ್ಲಿ ಮಗು ಮಲಗಿಸುತ್ತ ಬಂದು ಎಷ್ಟೋ ಕಾಲವಾಯಿತು; ಅದು ಇಷ್ಟು ದುಬಾರಿ ಶೈಲಿಯೆಂದು ಅವರಿಗೆ ಯಾರೂ ತಿಳಿಸಿರಲಿಲ್ಲ.

ಎಲ್ಲಕ್ಕೂ ಶಿಖರಪ್ರಾಯವಾದುದು ಕಪ್ಪೆ ಭಂಗಿ. ಮಗು ಎರಡೂ ಮೊಣಕೈ ಊರಿ, ಅಂಗೈಗಳ ಮೇಲೆ ಗಲ್ಲವಿಟ್ಟು, ಲೋಕವ್ಯವಹಾರದ ಬಗ್ಗೆ ಚಿಂತಿಸುತ್ತಿರುವಂತೆ ಕಾಣಬೇಕು. ಬೇಲೂರಿನ ಶಿಲಾಬಾಲಿಕೆಯರು ಒಂಬೈನೂರು ವರ್ಷಗಳಿಂದ ಬಳುಕಿ ನಿಂತಿರುವುದು ನಿಜ, ಆದರೆ ಅವರು ಕಲ್ಲು. ನವಜಾತ ಶಿಶುವಿನ ತಲೆಯೇ ದೇಹದ ಉದ್ದದ ಸುಮಾರು ಕಾಲು ಭಾಗ. ಅದನ್ನು ಹೊರಬೇಕಾದ ಕತ್ತು ನಿಲ್ಲಲು ಇನ್ನೂ ಮೂರು ನಾಲ್ಕು ತಿಂಗಳು ಬೇಕು. ಆದ್ದರಿಂದ ಪಳಗಿದ ಛಾಯಾಗ್ರಾಹಕರು ಈ ಚಿತ್ರವನ್ನು ಎಂದೂ ಒಂದೇ ಸಲಕ್ಕೆ ತೆಗೆಯುವುದಿಲ್ಲ. ಮೊದಲು ಒಬ್ಬರು ಮೇಲಿನಿಂದ ತಲೆ ಹಿಡಿದುಕೊಳ್ಳುತ್ತಾರೆ, ಒಂದು ಚಿತ್ರ. ಆಮೇಲೆ ಕೆಳಗಿನಿಂದ ಮಣಿಕಟ್ಟು ಹಿಡಿದುಕೊಳ್ಳುತ್ತಾರೆ, ಇನ್ನೊಂದು ಚಿತ್ರ. ಎರಡನ್ನೂ ಕಂಪ್ಯೂಟರಿನಲ್ಲಿ ಜೋಡಿಸಿ ಹಿಡಿದ ಕೈಗಳನ್ನು ಅಳಿಸಲಾಗುತ್ತದೆ. ಹಿಡಿಯುವ ಕೆಲಸ ಸಾಮಾನ್ಯವಾಗಿ ಅಜ್ಜಿಗೆ ಬೀಳುತ್ತದೆ, ಏಕೆಂದರೆ ಆ ಮನೆಯಲ್ಲಿ ಮಗುವನ್ನು ಹಿಡಿಯಲು ಬರುವುದು ಅವರೊಬ್ಬರಿಗೇ. ಅವರ ಕೈ ಅಳಿಸುವುದಕ್ಕೆ ಪ್ಯಾಕೇಜಿನಲ್ಲಿ ಬೇರೆ ದರ.

ಅಳಿಸುವ ಕೆಲಸ ಅಲ್ಲಿಗೇ ಮುಗಿಯುವುದಿಲ್ಲ. ದಿನ ತುಂಬಿ ಹುಟ್ಟಿದ 100 ಮಕ್ಕಳಲ್ಲಿ ಸುಮಾರು 60 ಮಕ್ಕಳಿಗೆ ಮೊದಲ ವಾರ ಮೈ ಹಳದಿಯಾಗುತ್ತದೆ. ಹಳದಿ ಹೆಚ್ಚಾದರೆ ವೈದ್ಯರು ನೀಲಿ ಬೆಳಕಿನಡಿ ದಿನಗಟ್ಟಲೆ ಮಲಗಿಸುತ್ತಾರೆ, ತಂತ್ರಾಂಶವೋ ಬೆರಳೊಂದನ್ನು ಎಡಕ್ಕೆ ಸರಿಸುವಷ್ಟರಲ್ಲಿ ಗುಣಪಡಿಸುತ್ತದೆ. ಸುಲಿಯುತ್ತಿರುವ ಚರ್ಮ, ಮೂಗಿನ ಮೇಲಿನ ಬಿಳಿ ಚುಕ್ಕೆ ಎಲ್ಲವೂ ಮಾಯ. ಯಾರಿಗೂ ಕಾಣದಂತೆ ಅಜ್ಜಿ ಕೆನ್ನೆಗಿಟ್ಟ ದೃಷ್ಟಿಬೊಟ್ಟನ್ನೂ ತಂತ್ರಾಂಶ ಕಲೆಯೆಂದೇ ಭಾವಿಸಿ ಒರೆಸಿಹಾಕುತ್ತದೆ.

ಹಾಗೆಂದು ದೃಷ್ಟಿಯ ಭಯ ಮನೆಯವರನ್ನು ಬಿಟ್ಟಿದೆಯೆಂದು ತಿಳಿಯಬೇಡಿ. ಸಾವಿರಾರು ರೂಪಾಯಿ ತೆತ್ತು, ಹೀಟರ್ ಉರಿಸಿ, ಕಾಫಿ ಬೀಜ ಸುರಿದು, ಹಳದಿ ಇಳಿಸಿ ಸಿದ್ಧಪಡಿಸಿದ ಚಿತ್ರವನ್ನು ಸ್ಟೇಟಸ್‌ಗೆ ಹಾಕುವಾಗ, ಯಾರ ಕಣ್ಣೂ ತಾಗದಿರಲೆಂದು ಮಗುವಿನ ಮುಖದ ಮೇಲೆ ಕೆಂಪು ಹೃದಯದ ಸ್ಟಿಕ್ಕರ್ ಅಂಟಿಸುತ್ತಾರೆ. ಊರಿನವರಿಗೆ ದರ್ಶನವಾಗುವುದು ಬುಟ್ಟಿ, ಬೀಜ, ಹ್ಯಾಟು ಮತ್ತು ಆ ಹೃದಯ. ತಂದೆಯ ಮೂಗೇ ಬಂದಿದೆ ಎಂದು ಕೆಳಗೆ ಬರೆಯುವ ನೆಂಟರಿಗೂ ಕೊರತೆಯಿಲ್ಲ.

ಜನನ ನೋಂದಣಿಗೆ ಸರ್ಕಾರ 21 ದಿನ ಕೊಡುತ್ತದೆ, ಛಾಯಾಗ್ರಾಹಕರು 14 ದಿನ ಮಾತ್ರ. ಆದ್ದರಿಂದ ಸೀಮಂತದ ಹೊತ್ತಿಗೇ ಮುಂಗಡ ಕಟ್ಟಿರುವುದು ಕ್ಷೇಮ. ಮದುವೆಯ ತಿಂಗಳುಗಳಲ್ಲಿ ಅವರು ಯಾರ ಕೈಗೂ ಸಿಗುವುದಿಲ್ಲ. ಮದುವೆಗಳಿಲ್ಲದ ಆಷಾಢದಲ್ಲಿ ಮಾತ್ರ ಬಿಡುವಾಗಿರುತ್ತಾರೆ, ರಿಯಾಯಿತಿಯನ್ನೂ ಕೊಡುತ್ತಾರೆ. ಬೇಸಿಗೆಯ ಬಿಸಿಲಿನಲ್ಲಿ ಹೆರಿಗೆಯಾಗದಿರಲೆಂದು ಹಿರಿಯರು ಲೆಕ್ಕ ಹಾಕಿ ಹೊಸ ಸೊಸೆಯನ್ನು ಆಷಾಢಕ್ಕೆ ತವರಿಗೆ ಕಳುಹಿಸುತ್ತಿದ್ದರಂತೆ. ಆ ಲೆಕ್ಕವನ್ನು ಈಗ ತಿರುಗಿಸಿ ಹಾಕಬೇಕಾಗಿದೆ: ರಿಯಾಯಿತಿ ಬೇಕೆನ್ನುವ ದಂಪತಿಗಳು ದಸರೆಯ ರಜೆಯಲ್ಲಿ ಪ್ರವಾಸ ಹೋಗದೆ ಮನೆಯಲ್ಲಿರುವುದು ಒಳಿತು.