ಏಣಿ ಹಿಡಿಯುವ ಮಾವ

ಪ್ರೀತಿಗಾಗಿ ಪ್ರಾಣ ಕೊಡುತ್ತೇನೆ ಎನ್ನುವವರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಆದರೆ ಆ ಪ್ರಾಣ ಕೊಡುವ ಕಾರ್ಯಕ್ರಮಕ್ಕೆ ರಾತ್ರಿ ಒಂಬತ್ತು ಗಂಟೆಗೆ, ಸುರಿಯುವ ಪುಷ್ಯ ಮಳೆಯಲ್ಲಿ ಏಣಿ ಹಿಡಿದು ನಿಲ್ಲಲು ನನ್ನನ್ನೇ ಯಾಕೆ ಎಬ್ಬಿಸಬೇಕು? ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆ ಬಿಟ್ಟು ಒಳಗೆ ಇಳಿದರೆ ಸಿಗುವ ನಮ್ಮ ಊರಿನಲ್ಲಿ ಕರೆಂಟು ಹೋದರೆ ಟವರೂ ಹೋಗುತ್ತದೆ. ಕರೆಂಟು ಇದ್ದಾಗಲೂ ಸಿಗ್ನಲ್ ಸಿಗುವುದು ದರೆಯ ಮೇಲಿನ ಹಲಸಿನ ಮರದ ಎರಡನೆಯ ಕವಲಿನಲ್ಲಿ ಮಾತ್ರ. ಈ ಸಂಶೋಧನೆ, ಓದು ಮುಗಿಸಿ ಕೆಲಸದ ಕಾಗದಕ್ಕೆ ಕಾಯುತ್ತ ನಮ್ಮಲ್ಲಿ ಬಂದು ಕುಳಿತಿರುವ ಅಕ್ಕನ ಮಗನದು.

ಹುಡುಗ ಧೈರ್ಯವಂತನೇನೂ ಅಲ್ಲ. ಅಡಿಕೆ ತೋಟಕ್ಕೆ ಬೋರ್ಡೋ ಔಷಧಿ ಹೊಡೆಸುವ ದಿನ ಪೈಪು ಎಳೆಯಲು ಬಾ ಎಂದರೆ ರಕ್ತ ಹೀರುವ ಇಂಬಳ ಹತ್ತುತ್ತದೆ ಎನ್ನುತ್ತಾನೆ. ಸೋರುವ ಕಡೆ ಒಂದು ಹಂಚು ಸರಿಸು ಎಂದರೆ ಅವನಿಗೆ ತಲೆ ಸುತ್ತು. ಹಳ್ಳದ ಸಂಕ ದಾಟುವಾಗ ಈಗಲೂ ನನ್ನ ಕೈ ಹಿಡಿಯುತ್ತಾನೆ. ಇಂಥವನು ಪಾಚಿಗಟ್ಟಿದ ಮರವನ್ನು ಕತ್ತಲಲ್ಲಿ, ಮೊಬೈಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಹಲ್ಲಲ್ಲಿ ಕಚ್ಚಿಕೊಂಡು ಹತ್ತುತ್ತಾನೆ. ಕೆಳಗೆ ನಿಂತ ನನ್ನ ಕಾಲಿಗೆ ಹತ್ತುವ ಇಂಬಳಗಳನ್ನು ಅವನು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ.

ಮೊನ್ನೆಯಂತೂ ಮೇಲೆ ಹೋದವನೇ ಕೆಂಪಿರುವೆಯ ಗೂಡನ್ನು, ಅಂದರೆ ನಮ್ಮ ಕಡೆಯ ಚಿಗಳಿ ಕೊಟ್ಟೆಯನ್ನು, ಮುಟ್ಟಿಬಿಟ್ಟ. ಚಿಗಳಿಗಳು ತೋಳಿನಿಂದ ಅಂಗಿಯೊಳಗೆ ಇಳಿದವು, ಕಾಲು ಜಾರಿತು, ಹವಾಯಿ ಚಪ್ಪಲಿಯೊಂದು ನೇರ ನನ್ನ ಕೊಡೆಯ ಮೇಲೆ ಬಿತ್ತು. ತಲೆಯೆತ್ತಿ ಟಾರ್ಚು ಬಿಟ್ಟರೆ, ಅಳಿಯರಾಯ ಒಂದು ಕೈಯಲ್ಲಿ ಕೊಂಬೆಗೆ ಜೋತಾಡುತ್ತ, ಇನ್ನೊಂದು ಕೈಯಲ್ಲಿ ಫೋನನ್ನು ಕಿವಿಗೆ ಒತ್ತಿಕೊಂಡು, "ಏನಿಲ್ಲ, ಆರಾಮಾಗಿ ಕೂತಿದ್ದೀನಿ. ಊಟ ಆಯ್ತಾ? ಏನ್ ಸಾರು?" ಎಂದು ವಿಚಾರಿಸುತ್ತಿದ್ದಾನೆ. ಸಾರು ಯಾವುದಾಗಿತ್ತೋ ನನಗೆ ಕೇಳಿಸಲಿಲ್ಲ, ಆದರೆ ಅದಕ್ಕೊಂದು "ವಾವ್" ಮೇಲಿನಿಂದ ಬಂತು. ಶಿವಮೊಗ್ಗದ ಮನೆಯಲ್ಲಿ ವೈಫೈ ಪಕ್ಕದಲ್ಲೇ ಕುಳಿತಿರುವ ಆ ಹುಡುಗಿ ನಡುವೆ "ಒಂದ್ನಿಮಿಷ ಇರು" ಎಂದು ಎದ್ದು ಹೋದಳಂತೆ. ಇವನು ಇದ್ದ, ಜೋತಾಡುತ್ತಲೇ.

ಇದಕ್ಕೆ ವಿಜ್ಞಾನದ ಸಮರ್ಥನೆಯೂ ಇದೆ ಎಂಬುದು ಇನ್ನೂ ಸಿಟ್ಟು ತರಿಸುವ ವಿಷಯ. ಲಂಡನ್ನಿನ ಬಾರ್ಟೆಲ್ಸ್ ಮತ್ತು ಜೆಕಿ ಎಂಬ ಇಬ್ಬರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಾಢವಾಗಿ ಪ್ರೀತಿಯಲ್ಲಿದ್ದ 17 ಜನರಿಗೆ ಅವರವರ ಪ್ರಿಯರ ಚಿತ್ರ ತೋರಿಸಿ ಮಿದುಳನ್ನು ಸ್ಕ್ಯಾನ್ ಮಾಡಿದಾಗ, ಭಯಕ್ಕೆ ಸಂಬಂಧಿಸಿದ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ತಗ್ಗಿದ್ದು ಕಂಡುಬಂತು. ಆಗುಂಬೆ ಘಾಟಿಯ ತಿರುವುಗಳಲ್ಲಿ ಹಿಂದೆ ಕುಳಿತವಳ ಕಡೆಗೆ ತಿರುಗಿ ಮಾತಾಡುತ್ತ ಬೈಕ್ ಓಡಿಸುವವರನ್ನೂ, ಸೂರ್ಯನೇ ಕಾಣದ ಆಷಾಢದಲ್ಲಿ ಸೂರ್ಯಾಸ್ತ ತೋರಿಸುತ್ತೇನೆಂದು ಕರೆತರುವವರನ್ನೂ, 253 ಮೀಟರ್ ಧುಮುಕುವ ಜೋಗದೆದುರು ಬೇಲಿ ದಾಟಿ ಜೋಡಿ ಫೋಟೊ ತೆಗೆಯುವವರನ್ನೂ ನೋಡಿದ ಮೇಲೆ ಇದನ್ನು ಹೇಳಲು ಯಂತ್ರ ಬೇಕಿತ್ತೇ ಎನ್ನಿಸುತ್ತದೆ.

ಹಾಗೆ ನೋಡಿದರೆ ಇದು ನಮ್ಮ ಮನೆತನದ ಕಾಯಿಲೆಯೂ ಇರಬಹುದು. ಬಾಣಂತನಕ್ಕೆ ತವರಿಗೆ ಹೋಗಿದ್ದ ಅಜ್ಜಿಯನ್ನು ನೋಡಲು ಅಜ್ಜ, ದೋಣಿಯವನೇ ಆಗುವುದಿಲ್ಲವೆಂದು ಕೈಮುಗಿದ ದಿನ, ತುಂಬಿದ ತುಂಗೆಯನ್ನು ಈಜಿ ದಾಟಿದ್ದರಂತೆ. ಅಷ್ಟೆಲ್ಲ ಮಾಡಿ ಹೋದವರು ಅತ್ತೆ ಮಾವಂದಿರ ಎದುರು ನಾಚಿ, ಹೆಂಡತಿಯೊಡನೆ ಒಂದು ಮಾತೂ ಆಡದೆ, ಬಚ್ಚಲೊಲೆಯ ಮುಂದೆ ಮೈ ಒಣಗಿಸಿಕೊಂಡು ಮರುದಿನ ಹಿಂದಿರುಗಿದರಂತೆ. "ಬುದ್ಧಿ ಬೇಡ್ವಾ ಮನುಷ್ಯಂಗೆ" ಎಂದು ಬೈಯುತ್ತಲೇ ಹೇಳುತ್ತಿದ್ದ ಅಜ್ಜಿ ಈ ಕಥೆಯನ್ನು ಯಾವ ಮಳೆಗಾಲದಲ್ಲೂ ತಪ್ಪಿಸಿದವಳಲ್ಲ. ಅಜ್ಜ ಅಂದು ಉಟ್ಟಿದ್ದ ಪಂಚೆಯ ಅಂಚಿನ ಬಣ್ಣವೂ ಅವಳಿಗೆ ನೆನಪಿತ್ತು. ಈಗ ಬೈಯುವುದಕ್ಕೂ ಅವಳಿಲ್ಲ.

ಅಳಿಯನಿಗೆ ನಾನು ಉಪಾಯವನ್ನೂ ಸೂಚಿಸಿದ್ದೇನೆ. ಅಡಿಕೆಗೆ ಔಷಧಿ ಹೊಡೆಯಲು ತಂದ ಕಾರ್ಬನ್ ಫೈಬರ್ ದೋಟಿ ಕೊಟ್ಟಿಗೆಯಲ್ಲಿದೆ. ಅದರ ತುದಿಗೆ ಫೋನು ಕಟ್ಟಿ ಮೇಲೆತ್ತಿ, ಕಿವಿಗೆ ಬ್ಲೂಟೂತ್ ಸಿಕ್ಕಿಸಿಕೊಂಡು ನೆಲದ ಮೇಲೆ ನಿಂತೇ ಮಾತಾಡು ಎಂದೆ. ಅವನು ದೋಟಿಯ ಉದ್ದವನ್ನು ಕಣ್ಣಲ್ಲೇ ಅಳೆದು, ಕಳವಳದಿಂದ ನನ್ನ ಮುಖ ನೋಡಿದ.

"ಅಷ್ಟು ಎತ್ತರದಿಂದ ಫೋನ್ ಬಿದ್ರೆ ಗತಿಯೇನು ಮಾವಾ?"